ಹಬ್ಬದ ಅಡುಗೆಯನ್ನೂ ಗುಡ್ಡೆ ಹಾಕಿ ಹಂಚಿಕೊಳ್ಳೋಣ!

ಯುಗಾದಿ ಹತ್ತಿರ ಬರ್ತಿದ್ದಂತೆ ನಮ್ಮ ತಲೆಯೊಳಗೆ ಒಂದು ಪಟ್ಟಿ ತಾನಾಗೇ ತಯಾರಾಗುತ್ತೆ. ಮನೆ ಧೂಳು ಹೊಡೆಯಬೇಕು, ಹಿತ್ತಾಳೆ ಸಾಮಾನಿಗೆ ಹುಣಸೆಹಣ್ಣು ಹಾಕಿ ಉಜ್ಜಬೇಕು, ಮಾವಿನ ಸೊಪ್ಪು, ಬೇವಿನ ಹೂ ತರಿಸಬೇಕು. ಒಬ್ಬಟ್ಟು, ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ, ಎರಡು ಬಗೆ ಪಲ್ಯ, ಹಪ್ಪಳ, ಸಂಡಿಗೆ... ಬರೆದಿಡದಿದ್ದರೂ ಒಂದೂ ಮರೆಯೋಲ್ಲ. ಮರುದಿನ ಹೊಸತೊಡಕು ಮಾಡುವ ಮನೆಯಾದರೆ ಮಸಾಲೆ, ಮುದ್ದೆ, ಸಾರು ಬೇರೆ. ಎಲ್ಲರೂ ‘ಊಟ ಭರ್ಜರಿಯಾಗಿತ್ತು’ ಅಂತ ಕೈ ತೊಳೆದು ಟೀವಿ ಮುಂದೆ ಕೂರುವಾಗ ಗಡಿಯಾರದಲ್ಲಿ ಮೂರೂವರೆ. ಅಡುಗೆ ಮಾಡಿದಾಕೆ ಆಗ ತಾನೇ ಎಲೆ ಹಾಕಿಕೊಂಡು, ಆರಿದ ಒಬ್ಬಟ್ಟಿಗೆ ತುಪ್ಪ ಬಡಿಸಿಕೊಳ್ತಾಳೆ. ಅಷ್ಟು ಹೊತ್ತಿಗೆ ಹಸಿವೇ ಸತ್ತಿರುತ್ತೆ. ನಿಮ್ಮ ಮನೆಯಲ್ಲೂ ಹೀಗೇನಾ?

ಹಾಗಂತ ಹಬ್ಬವೇ ಬೇಡ ಅನ್ನೋದು ಈ ಬರಹದ ಉದ್ದೇಶವಲ್ಲ. ಹಬ್ಬದೂಟ ಇಲ್ಲದ ಹಬ್ಬ ಯಾರಿಗೆ ಬೇಕು ಹೇಳಿ? ಆದರೆ ಒಂದು ವಿಷಯ ಯೋಚಿಸಬೇಕು. ನಮ್ಮ ಹಬ್ಬದಡುಗೆಗಳು ಹುಟ್ಟಿದ್ದು ಹತ್ತಾರು ಕೈಗಳ ಲೆಕ್ಕದಲ್ಲಿ. ಅಷ್ಟನ್ನೂ ಇವತ್ತು ಎರಡೇ ಕೈಗೆ ಹೊರಿಸೋದು ಯಾವ ನ್ಯಾಯ?

ಅಂದು ಹತ್ತಾರು ಕೈ, ಇಂದು ಎರಡೇ ಕೈ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಹಬ್ಬದೂಟ ಅಂದರೆ ಹೊಲದ ಊಟ. ರಾಗಿ ಹೊಲದ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತಿದ ಅವರೆ, ತೊಗರಿಯೇ ಅಡುಗೆಮನೆಗೂ ಬರುತ್ತಿತ್ತು. ಡಿಸೆಂಬರ್, ಜನವರಿಯಲ್ಲಿ ಸೊಗಡವರೆಯ ಘಮ. ಸಂಕ್ರಾಂತಿಗೆ ಬೇಯಿಸಿದ ಅವರೆಕಾಯಿ, ಕಡಲೆಕಾಯಿ, ಗೆಣಸು. ಯುಗಾದಿಗೆ ಹೊಸ ತೊಗರಿಬೇಳೆ, ಹೊಸ ಬೆಲ್ಲದ ಒಬ್ಬಟ್ಟು. ಬೇಳೆ ಬಸಿದ ಕಟ್ಟನ್ನೂ ಚೆಲ್ಲದೆ ಅದರಲ್ಲೇ ಸಾರು!

ಹಿತುಕಿದ ಬೇಳೆ ಸಾರನ್ನೇ ತಗೊಳ್ಳಿ. ಅವರೆಕಾಳನ್ನು ರಾತ್ರಿಯೇ ನೆನೆಹಾಕಿ, ಬೆಳಗ್ಗೆ ಒಂದೊಂದೇ ಕಾಳನ್ನು ಹಿತುಕಿ ಸಿಪ್ಪೆ ಬಿಡಿಸಬೇಕು. ಒಬ್ಬಳೇ ಕೂತರೆ ಬೆರಳ ತುದಿ ಸುಕ್ಕುಗಟ್ಟುತ್ತೆ, ಬೆನ್ನು ಹಿಡಿದುಕೊಳ್ಳುತ್ತೆ. ಹಿಂದೆ ಅತ್ತೆ, ನಾದಿನಿ, ಓರಗಿತ್ತಿ, ಮಕ್ಕಳು ಎಲ್ಲರೂ ಮೊರದ ಸುತ್ತ ಕೂತು, ಊರ ಸುದ್ದಿ ಮಾತಾಡ್ತಾ ಹಿತುಕಿ ಮುಗಿಸುತ್ತಿದ್ದರು. ಒಬ್ಬಟ್ಟಿಗೂ ಹಾಗೇ. ಹೂರಣ ರುಬ್ಬೋಕೆ ಒಬ್ಬರು, ತಟ್ಟೋಕೆ ಒಬ್ಬರು, ಹೆಂಚಿನ ಮೇಲೆ ಬೇಯಿಸೋಕೆ ಇನ್ನೊಬ್ಬರು.

ಆಮೇಲೆ ಕಾಲ ಬದಲಾಯಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಸುತ್ತಮುತ್ತಲ ಹೊಲಗಳೆಷ್ಟೋ ಲೇಔಟ್ ಆದವು. ಮನೆಗಳು ಪಾಲಾದವು, ಮಕ್ಕಳು ಕೆಲಸಕ್ಕೆ ಊರು ಬಿಟ್ಟರು. ಮೊರದ ಸುತ್ತ ಕೂರುತ್ತಿದ್ದವರು ಒಬ್ಬೊಬ್ಬರಾಗಿ ಚದುರಿಹೋದರು. ಅಡುಗೆಯ ಪಟ್ಟಿ ಮಾತ್ರ ಹಾಗೇ ಉಳಿಯಿತು. ಮಿಕ್ಸಿ, ಗ್ರೈಂಡರ್ ಬಂದಿವೆಯಲ್ಲ ಅಂತೀರಾ? ನಿಜ, ರುಬ್ಬೋ ಕಷ್ಟ ತಪ್ಪಿತು. ಆದರೆ ತಟ್ಟೋದು, ಬಡಿಸೋದು, ಪಾತ್ರೆ ತೊಳೆಯೋದು ಯಾವ ಮಿಕ್ಸಿಯೂ ಮಾಡೋಲ್ಲ.

ಅಂಕಿ ಅಂಶ ಏನು ಹೇಳುತ್ತೆ?

ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ಕೊಡುವ ಸಮಯ ದಿನಕ್ಕೆ ಸರಾಸರಿ 299 ನಿಮಿಷ. ಗಂಡಸರು ಕೊಡೋದು 97 ನಿಮಿಷ. ಅಂದರೆ ನಮ್ಮದು ಐದು ಗಂಟೆ, ಅವರದು ಒಂದೂವರೆ ಗಂಟೆಗೆ ತುಸು ಹೆಚ್ಚು. ಇದು ಮಾಮೂಲಿ ದಿನದ ಲೆಕ್ಕ. ಹಬ್ಬದ ದಿನ ಬೇರೆ ಲೆಕ್ಕ ಹಾಕಿದರೆ ಎಷ್ಟಾಗಬಹುದು, ನೀವೇ ಊಹಿಸಿ.

ಇನ್ನೊಂದು ಸಂಖ್ಯೆಯನ್ನೂ ಇದರ ಪಕ್ಕದಲ್ಲಿಟ್ಟು ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ 15ರಿಂದ 49 ವರ್ಷದ ನೂರು ಮಹಿಳೆಯರಲ್ಲಿ 57 ಮಂದಿಗೆ ರಕ್ತಹೀನತೆ. ನಮ್ಮ ರಾಜ್ಯದಲ್ಲೂ ಹೆಚ್ಚುಕಮ್ಮಿ ಅರ್ಧದಷ್ಟು ಮಹಿಳೆಯರಿಗೆ ಇದೆ. ಇದಕ್ಕೆ ಕಾರಣಗಳು ಹಲವಾರು. ಆದರೆ ಎಲ್ಲರದೂ ಆದ ಮೇಲೆ ತಳದಲ್ಲಿ ಉಳಿದದ್ದನ್ನು ಬಳಿದುಕೊಂಡು ತಿನ್ನುವ ಅಭ್ಯಾಸ ಖಂಡಿತ ಒಳ್ಳೆಯದಲ್ಲ. ಹಬ್ಬದ ದಿನ ಪೂಜೆಯಾಗುವವರೆಗೆ ಬರೀ ಹೊಟ್ಟೆ, ಊಟಕ್ಕೆ ಕೊನೆಯ ಪಂಕ್ತಿ. ಎಲ್ಲರ ಹೊಟ್ಟೆ ತುಂಬಿಸುವಾಕೆಯೇ ಹಸಿದಿರಬೇಕಾ?

ಬೇರೆಯವರು ಏನು ಮಾಡ್ತಾರೆ?

ಇದು ನಮ್ಮೊಬ್ಬರ ಗೋಳಲ್ಲ. ದಕ್ಷಿಣ ಕೊರಿಯಾದಲ್ಲಿ ‘ಚುಸೋಕ್’ ಅನ್ನೋ ಸುಗ್ಗಿ ಹಬ್ಬವಿದೆ. ಹಿರಿಯರಿಗೆ ಎಡೆ ಇಡುವ ಹಬ್ಬ, ನಮ್ಮ ಮಹಾಲಯ ಅಮಾವಾಸ್ಯೆಯ ಹಾಗೆ. ಕರಿದದ್ದು, ಹುರಿದದ್ದು, ಬೇಯಿಸಿದ್ದು ಅಂತ ಎಡೆ ತುಂಬಿಸಿ ಸುಸ್ತಾಗುವ ಸೊಸೆಯರ ಅವಸ್ಥೆಗೆ ಅಲ್ಲಿ ‘ಹಬ್ಬದ ಕಾಯಿಲೆ’ ಅಂತಲೇ ಹೆಸರು! 2022ರಲ್ಲಿ ಅಲ್ಲಿನ ಕನ್ಫ್ಯೂಷಿಯಸ್ ಸಂಪ್ರದಾಯದ ಹಿರಿಯ ಸಂಸ್ಥೆಯಾದ ಸಂಗ್‌ಕ್ಯೂನ್‌ಕ್ವಾನ್ ಒಂದು ಮಾತು ಹೇಳಿತು. ಎಡೆಗೆ ಎಣ್ಣೆಯಲ್ಲಿ ಕರಿದದ್ದು ಕಡ್ಡಾಯವಲ್ಲ, ಹೆಚ್ಚೆಂದರೆ ಒಂಬತ್ತು ಬಗೆ ಸಾಕು ಅಂತ. ಸಂಪ್ರದಾಯ ಕಾಯುವವರೇ ಸಂಪ್ರದಾಯವನ್ನು ಹಗುರ ಮಾಡಿದರು ನೋಡಿ.

ಐರ್ಲೆಂಡಿನ ಕಾರ್ಕ್, ಕೆರ್ರಿ ಸೀಮೆಯಲ್ಲಿ ಜನವರಿ 6ನ್ನು ‘ಹೆಂಗಸರ ಕ್ರಿಸ್‌ಮಸ್’ ಅಂತ ಆಚರಿಸೋದುಂಟು. ಕ್ರಿಸ್‌ಮಸ್ ದಿನಗಳಲ್ಲಿ ದುಡಿದ ಹೆಂಗಸರಿಗೆ ಅವತ್ತು ಬಿಡುವು, ಮನೆಗೆಲಸ ಗಂಡಸರ ಪಾಲಿಗೆ. ಜಪಾನಿನಲ್ಲಿ ಹೊಸ ವರ್ಷದ ‘ಒಸೆಚಿ’ ಊಟವನ್ನು ಮೊದಲೇ ಮಾಡಿ ಡಬ್ಬಿಗಳಲ್ಲಿ ಜೋಡಿಸಿಡ್ತಾರೆ. ವರ್ಷದ ಮೊದಲ ಮೂರು ದಿನ ಒಲೆಗೆ ವಿಶ್ರಾಂತಿ. ನಮ್ಮ ಗುಜರಾತಿನಲ್ಲೇ ಶ್ರಾವಣದ ಶೀತಲಾ ಸಪ್ತಮಿಯಂದು ಒಲೆ ಹಚ್ಚುವಂತಿಲ್ಲ. ಹಿಂದಿನ ದಿನ ಮಾಡಿಟ್ಟ ಅಡುಗೆಯೇ ಅವತ್ತಿನ ಊಟ. ಹಿಂದಿನ ದಿನ ದುಡಿಯೋದು ಹೆಣ್ಣೇ ಆದರೂ ಹಬ್ಬದ ದಿನವಾದರೂ ಅವಳು ಎಲ್ಲರ ಜೊತೆ ಕೂರಬಹುದಲ್ಲ!

ಮಾದರಿ ನಮ್ಮಲ್ಲೇ ಇದೆ

ಅಷ್ಟು ದೂರ ಹೋಗೋದೂ ಬೇಡ. ನಮ್ಮ ಹಳ್ಳಿಗಳ ಹೊಸತೊಡಕನ್ನು ನೋಡಿ. ಊರಿನ ಗಂಡಸರು ವರ್ಷವಿಡೀ ಚೀಟಿ ಕಟ್ಟಿ, ಕುರಿ ತಂದು, ಬೆಳಗಿನ ಜಾವವೇ ಕೂಯ್ದು ಗುಡ್ಡೆ ಬಾಡು ಹಾಕ್ತಾರೆ. ಒಂದು ಗುಡ್ಡೆಗೂ ಇನ್ನೊಂದಕ್ಕೂ ವ್ಯತ್ಯಾಸ ಇರಬಾರದು. ಮೆತ್ತನೆ ತುಂಡು, ಮೂಳೆ, ಈಲಿ ಎಲ್ಲವೂ ಎಲ್ಲ ಗುಡ್ಡೆಗೂ ಬೀಳಬೇಕು. ಒಂದು ತುಂಡು ಹೆಚ್ಚುಕಮ್ಮಿಯಾದರೂ ಅಲ್ಲೇ ಮಾತು ಬರುತ್ತೆ. ಮಾಂಸ ತಿನ್ನದ ಮನೆಯವರೂ ಈ ನ್ಯಾಯವನ್ನು ಮೆಚ್ಚಲೇಬೇಕು.

ಆದರೆ ಆ ಗುಡ್ಡೆ ಮನೆಯ ಹೊಸ್ತಿಲು ದಾಟಿದ ಮೇಲೆ? ತೊಳೆಯೋದು, ಮಸಾಲೆ ರುಬ್ಬೋದು, ಮುದ್ದೆ ತಿರುವೋದು ಎಲ್ಲ ಒಬ್ಬಳದೇ ಪಾಲು. ಬಾಡನ್ನು ಅಷ್ಟು ಸಮನಾಗಿ ಹಂಚಬಲ್ಲ ನಮ್ಮ ಗಂಡಸರಿಗೆ ಕೆಲಸ ಹಂಚೋದು ಗೊತ್ತಿಲ್ಲ ಅಂತೇನಿಲ್ಲ. ನಾವು ಕೇಳಿಲ್ಲ, ಅವರು ಕೊಟ್ಟಿಲ್ಲ, ಅಷ್ಟೇ.

‘ಹಾಗೆಲ್ಲ ಮಾಡಿದರೆ ಮಡಿ ಮೈಲಿಗೆ ಏನಾಗಬೇಕು?’ ಅಂತ ಹಿರಿಯರು ಕೇಳಬಹುದು. ಅವರನ್ನು ನೋಯಿಸೋದು ಬೇಡ. ನೈವೇದ್ಯಕ್ಕೆ ಬೇಕಾದದ್ದು ಸ್ವಲ್ಪ. ಅದನ್ನು ಮಡಿಯಲ್ಲೇ ಮಾಡಿ. ಉಳಿದವರ ಊಟಕ್ಕೆ ತರಕಾರಿ ಹೆಚ್ಚೋಕೆ, ಕಾಯಿ ತುರಿಯೋಕೆ, ಎಲೆ ಹಾಕಿ ಬಡಿಸೋಕೆ ಮಡಿ ಅಡ್ಡ ಬರೋಲ್ಲವಲ್ಲ.

ಈ ಸಲ ಹೀಗೆ ಮಾಡಿ ನೋಡಿ

* ಹಬ್ಬಕ್ಕೆ ನಾಲ್ಕು ದಿನ ಮೊದಲೇ ತಲೆಯೊಳಗಿನ ಪಟ್ಟಿಯನ್ನು ಕಾಗದದ ಮೇಲಿಳಿಸಿ, ಫ್ರಿಜ್ ಬಾಗಿಲಿಗೆ ಅಂಟಿಸಿ. ಕೆಲಸ ಎಷ್ಟಿದೆ ಅಂತ ಮನೆಯವರ ಕಣ್ಣಿಗೆ ಬೀಳಲಿ. ಒಂದೊಂದರ ಮುಂದೆ ಒಬ್ಬೊಬ್ಬರ ಹೆಸರು ಬರೆಯಿರಿ.

* ‘ಸ್ವಲ್ಪ ಹೆಲ್ಪ್ ಮಾಡ್ರಿ’ ಅನ್ನಬೇಡಿ. ಪೂರ್ತಿ ಕೆಲಸವನ್ನೇ ಒಪ್ಪಿಸಿ. ಕೋಸಂಬರಿ ಯಜಮಾನರದು ಅಂದರೆ ಸೌತೆಕಾಯಿ ತರೋದರಿಂದ ಹಿಡಿದು ಆ ಪಾತ್ರೆ ತೊಳೆಯುವವರೆಗೂ ಅವರದೇ. ಉಪ್ಪು ಹೆಚ್ಚಾದರೂ ಸುಮ್ಮನಿದ್ದುಬಿಡಿ!

* ಹಬ್ಬಕ್ಕೆ ಒಂದೇ ಮುಖ್ಯ ಅಡುಗೆ ಇಟ್ಟುಕೊಳ್ಳಿ. ಯುಗಾದಿಗೆ ಬೇವು-ಬೆಲ್ಲ, ಒಬ್ಬಟ್ಟು ಇದ್ದರೆ ಯುಗಾದಿಯೇ. ಪಲ್ಯ ಎರಡರ ಬದಲು ಒಂದಾದರೆ ದೇವರೇನೂ ಮುನಿಯೋಲ್ಲ.

* ಹೂರಣವನ್ನು ಹಿಂದಿನ ದಿನವೇ ರುಬ್ಬಿ ಫ್ರಿಜ್‌ನಲ್ಲಿಡಿ. ಬೇಸಿಗೆ, ಹೊರಗಿಟ್ಟರೆ ಹಳಸುತ್ತೆ. ಅವರೆ ಕಾಲದಲ್ಲಿ ಹಿತುಕಿದ ಬೇಳೆಯನ್ನು ಫ್ರೀಜರ್‌ನಲ್ಲಿ ಇಟ್ಟುಕೊಳ್ಳಬಹುದು. ತಟ್ಟೋಕೆ ಆಗದಿದ್ದರೆ ಹೋಳಿಗೆ ಅಂಗಡಿಯಿಂದ ತನ್ನಿ, ಅದರಲ್ಲಿ ನಾಚಿಕೆ ಏನಿದೆ?

* ನೆಂಟರು ಬರ್ತಾರಾ? ಓರಗಿತ್ತಿ, ನಾದಿನಿಗೆ ಫೋನ್ ಮಾಡಿ ಒಂದೊಂದು ಐಟಂ ಅವರ ಮನೆಯಿಂದಲೇ ತರೋಕೆ ಹೇಳಿ. ಮುಂದಿನ ಹಬ್ಬಕ್ಕೆ ನೀವು ಒಯ್ಯಿರಿ.

* ಅಡುಗೆ ಮಾಡುವಾಕೆ ಬರೀ ಹೊಟ್ಟೆಯಲ್ಲಿ ಇರಬೇಡಿ. ಹಾಲು, ಹಣ್ಣು ತಗೊಳ್ಳಿ. ಗರ್ಭಿಣಿಯರು, ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಲೇಬಾರದು.

* ನಮ್ಮ ಹೊರೆಯನ್ನು ಕೆಲಸದಾಕೆಯ ಹೆಗಲಿಗೆ ದಾಟಿಸೋದು ಪರಿಹಾರವಲ್ಲ. ಅವಳ ಮನೆಯಲ್ಲೂ ಯುಗಾದಿ ಇದೆ, ಅವಳ ಮಕ್ಕಳೂ ಒಬ್ಬಟ್ಟಿಗೆ ಕಾಯ್ತಾ ಇರ್ತಾರೆ. ಹಬ್ಬದ ದಿನ ಸಂಬಳ ಹಿಡಿಯದೆ ರಜೆ ಕೊಡಿ.

* ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಮೊದಲ ಪಂಕ್ತಿಯಲ್ಲೇ ನೀವೂ ಎಲೆ ಹಾಕಿಕೊಳ್ಳಿ. ಅನ್ನ, ಸಾರು, ತುಪ್ಪ ನಡುವೆ ಇಟ್ಟುಕೊಂಡರೆ ಯಾರಿಗೆ ಬೇಕೋ ಅವರೇ ಬಡಿಸಿಕೊಳ್ಳಬಹುದು. ಬಿಸಿ ಒಬ್ಬಟ್ಟು ನಿಮ್ಮ ಎಲೆಗೂ ಬೀಳಲಿ.

ಮೊದಲ ವರ್ಷ ಗೊಣಗಾಟ ಇದ್ದೇ ಇರುತ್ತೆ. ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಅನ್ನೋ ಮಾತೂ ಬರಬಹುದು. ಅತ್ತೆಯವರ ಪಕ್ಕದಲ್ಲಿ ಕೂತು, ಅವರ ಕಾಲದಲ್ಲಿ ಹಬ್ಬದ ಮನೆಯಲ್ಲಿ ಎಷ್ಟು ಜನ ದುಡಿಯುತ್ತಿದ್ದರು ಅಂತ ಕೇಳಿ ನೋಡಿ. ಅವರು ಹೆಸರು ಹಿಡಿದು ಎಣಿಸೋಕೆ ಶುರು ಮಾಡಿದರೆ ಉತ್ತರ ಅಲ್ಲೇ ಸಿಗುತ್ತೆ. ಹಾಗೇ ಅವರ ಒಬ್ಬಟ್ಟಿನ ಸಾರಿನ ಅಳತೆಯನ್ನೂ ಬರೆದಿಟ್ಟುಕೊಳ್ಳಿ. ಆ ಚೀಟಿ ಮಗಳಿಗಷ್ಟೇ ಅಲ್ಲ, ಮಗನಿಗೂ ಸಿಗಲಿ.

ಈ ಯುಗಾದಿಗೆ ನಿಮ್ಮ ಮನೆಯ ಪಟ್ಟಿಯಲ್ಲಿ ಎಷ್ಟು ಹೆಸರು ಇರುತ್ತೆ?