ಪದರಗಳ ಓದು: ನಳಿನಿ ಮಲಾನಿ ಅವರ ಬಹುಮಾಧ್ಯಮ ಕಲೆ ಮತ್ತು ಸಾಹಿತ್ಯ ಸಂಶೋಧನೆ

ಸಾಹಿತ್ಯ ಕೃತಿಯೊಂದು ಅನ್ಯ ಮಾಧ್ಯಮವನ್ನು ಪ್ರವೇಶಿಸಿದಾಗ ನಮ್ಮ ವಿಭಾಗಗಳಲ್ಲಿ ಸಾಮಾನ್ಯವಾಗಿ ಏಳುವ ಪ್ರಶ್ನೆ ಒಂದೇ: ರೂಪಾಂತರವು ಮೂಲಕ್ಕೆ ಎಷ್ಟರಮಟ್ಟಿಗೆ ನಿಷ್ಠವಾಗಿದೆ? ಕಾದಂಬರಿ ಮತ್ತು ಚಲನಚಿತ್ರಗಳ ತೌಲನಿಕ ಅಧ್ಯಯನಗಳು ಬಹುಮಟ್ಟಿಗೆ ಈ ಪ್ರಶ್ನೆಯ ಸುತ್ತಲೇ ಬೆಳೆದಿವೆ. ಸೇರಿಸಿದ ಪ್ರಸಂಗ, ಕೈಬಿಟ್ಟ ಪಾತ್ರ, ಬದಲಾದ ಮುಕ್ತಾಯ ಇವುಗಳ ಪಟ್ಟಿಯೇ ಅನೇಕ ವೇಳೆ ಅಧ್ಯಯನದ ಫಲಿತವಾಗಿಬಿಡುತ್ತದೆ. ಈ ವಿಧಾನಕ್ಕೆ ದಕ್ಕದಂಥ ಕಲೆಯನ್ನು ನಳಿನಿ ಮಲಾನಿ ಅವರು ದಶಕಗಳಿಂದ ರಚಿಸುತ್ತ ಬಂದಿದ್ದಾರೆ. ಅವರ ಕೃತಿಗಳನ್ನು ಎದುರಿಗಿಟ್ಟುಕೊಂಡರೆ ನಾವು ‘ಪಠ್ಯ’ವೆಂದು ಕರೆಯುತ್ತಿರುವುದನ್ನೇ ಮರುಪರಿಶೀಲಿಸಬೇಕಾಗುತ್ತದೆ ಎಂಬುದು ಪ್ರಸ್ತುತ ಬರಹದ ವಾದ.

1946ರಲ್ಲಿ ಕರಾಚಿಯಲ್ಲಿ ಜನಿಸಿದ ಮಲಾನಿ ದೇಶವಿಭಜನೆಯಿಂದ ನಿರಾಶ್ರಿತವಾದ ಕುಟುಂಬಕ್ಕೆ ಸೇರಿದವರು. ಮುಂಬಯಿಯ ಸರ್ ಜೆ.ಜೆ. ಕಲಾಶಾಲೆಯಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡುತ್ತಿದ್ದ ಅವರು, ಅಕ್ಬರ್ ಪದಮ್‌ಸೀ ಅವರು ಆರಂಭಿಸಿದ ‘ವಿಷನ್ ಎಕ್ಸ್‌ಚೇಂಜ್ ವರ್ಕ್‌ಷಾಪ್’ನಲ್ಲಿ 1969ರಲ್ಲೇ ಚಲನಚಿತ್ರದ ಪ್ರಯೋಗಗಳಿಗೆ ತೊಡಗಿದರು. 2023ರಲ್ಲಿ ಅವರಿಗೆ ಕ್ಯೋಟೋ ಪ್ರಶಸ್ತಿ ಸಂದಿತು. ಕಲಾವಲಯದಲ್ಲಿ ಇಷ್ಟು ಮನ್ನಣೆ ಪಡೆದವರು ಸಾಹಿತ್ಯ ವಿಭಾಗಗಳಲ್ಲಿ ಅಪರಿಚಿತರಾಗಿಯೇ ಉಳಿದಿರುವುದು ಸೋಜಿಗ. ಏಕೆಂದರೆ ಅವರ ಕಲೆಯ ಬಹುಮುಖ್ಯ ಆಕರ ಸಾಹಿತ್ಯವೇ.

1998ರ ಮೇ ತಿಂಗಳಿನಲ್ಲಿ ಭಾರತ ಅಣುಪರೀಕ್ಷೆ ನಡೆಸಿತು. ಅದಕ್ಕೆ ಪ್ರತಿಕ್ರಿಯೆಯಾಗಿ ಮಲಾನಿ ರಚಿಸಿದ ವೀಡಿಯೋ ಕೃತಿ ‘ರಿಮೆಂಬರಿಂಗ್ ಟೋಬಾ ಟೇಕ್ ಸಿಂಗ್’. ಮಂಟೋ ಅವರ ಕಥೆಯ ಹೆಸರು ಇಲ್ಲಿದೆಯೇ ಹೊರತು ಕಥೆಯ ನಿರೂಪಣೆ ಇಲ್ಲ. ಎದುರುಬದುರು ಗೋಡೆಗಳ ಮೇಲೆ ಇಬ್ಬರು ಹೆಂಗಸರು ಒಂದೇ ಸೀರೆಯನ್ನು ಮಡಿಸಲು ಯತ್ನಿಸುತ್ತಾರೆ. ನಡುವಿನ ಅಂತರ ಅದನ್ನು ಆಗಗೊಡುವುದಿಲ್ಲ. ನೆಲದ ಮೇಲೆ ನಿರಾಶ್ರಿತರ ನೆನಪು ತರುವ ತಗಡಿನ ಪೆಟ್ಟಿಗೆಗಳು, ಅವುಗಳೊಳಗೆ ವೀಡಿಯೋ ಪರದೆಗಳು, ಮತ್ತೊಂದೆಡೆ ಅಣುಸ್ಫೋಟದ ದೃಶ್ಯಗಳು. ಮಂಟೋ ಅವರ ಬಿಶನ್ ಸಿಂಗ್ ಎರಡು ದೇಶಗಳ ಮುಳ್ಳುತಂತಿಗಳ ನಡುವೆ, ಯಾರಿಗೂ ಸೇರದ ನೆಲದಲ್ಲಿ ಕುಸಿದು ಬೀಳುತ್ತಾನೆ. ಮಲಾನಿ ಅವರ ಕೃತಿಯಲ್ಲಿ ಪ್ರೇಕ್ಷಕರು ನಿಲ್ಲುವುದು ಆ ನೆಲದಲ್ಲಿ. ಕಥೆಯನ್ನು ಹೇಳದೆಯೇ ಕಥೆಯ ಸ್ಥಳವನ್ನು ಕಟ್ಟಿಕೊಡುವ ಈ ಕ್ರಮವನ್ನು ನಿಷ್ಠೆಯ ಮಾನದಂಡದಿಂದ ಅಳೆಯುವುದಾದರೂ ಹೇಗೆ?

2012ರಲ್ಲಿ ಜರ್ಮನಿಯ ಕಾಸೆಲ್ ನಗರದ ಡಾಕ್ಯುಮೆಂಟಾ ಪ್ರದರ್ಶನದಲ್ಲಿ ಕಾಣಿಸಿಕೊಂಡ ‘ಇನ್ ಸರ್ಚ್ ಆಫ್ ವ್ಯಾನಿಶ್ಡ್ ಬ್ಲಡ್’ ಇನ್ನಷ್ಟು ಸಂಕೀರ್ಣವಾದುದು. ಶೀರ್ಷಿಕೆ ಫೈಜ್ ಅಹ್ಮದ್ ಫೈಜ್ ಅವರ ಕವಿತೆಯದು. ಕ್ರಿಸ್ಟಾ ವುಲ್ಫ್ ಮರುಸೃಷ್ಟಿಸಿದ ಕಸಾಂಡ್ರಾ, ಮಹಾಶ್ವೇತಾದೇವಿ ಅವರ ‘ದ್ರೌಪದಿ’ ಇವೂ ಅಲ್ಲಿವೆ. ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳ ಹಿಂಬದಿಯಲ್ಲಿ ಚಿತ್ರ ಬರೆದು, ಅವನ್ನು ಉರುಳೆಗಳಾಗಿಸಿ ತೂಗಿಬಿಟ್ಟು ನಿಧಾನವಾಗಿ ತಿರುಗಿಸಲಾಗುತ್ತದೆ. ಅವುಗಳನ್ನು ಹಾಯ್ದು ಬರುವ ವೀಡಿಯೋ ಬೆಳಕು ಗೋಡೆಯ ಮೇಲೆ ನೆರಳನ್ನೂ ಚಿತ್ರವನ್ನೂ ಒಂದರ ಮೇಲೊಂದು ಹರಡುತ್ತದೆ. ಬಟ್ಟೆ ಸುತ್ತಿದ ಹೆಣ್ಣಿನ ಮುಖದ ಮೇಲೆ ಅಕ್ಷರಗಳು ಹರಿಯುತ್ತವೆ. ಇಲ್ಲಿ ಉರ್ದು ಕವಿತೆ, ಜರ್ಮನ್ ಕಾದಂಬರಿ, ಬಂಗಾಳಿ ಕಥೆಗಳಲ್ಲಿ ಯಾವುದೂ ‘ಮೂಲ’ವಲ್ಲ, ಪ್ರತಿಯೊಂದೂ ಒಂದು ಪದರ. ಒಂದು ಪದರ ಇನ್ನೊಂದನ್ನು ಮರೆಮಾಡುತ್ತಲೇ ಬೆಳಗಿಸುತ್ತದೆ. ನಿಜ ನುಡಿದರೂ ಯಾರೂ ನಂಬದ ಕಸಾಂಡ್ರಾ ಮತ್ತು ಪ್ರಭುತ್ವದ ಹಿಂಸೆಗೆ ಬೆತ್ತಲೆಯಾಗಿಯೇ ಎದುರಾಗುವ ಬುಡಕಟ್ಟಿನ ಹೆಣ್ಣು ಒಂದೇ ಬೆಳಕಿನಲ್ಲಿ ಸಂಧಿಸುತ್ತಾರೆ.

ಇಂಥ ಕಲೆಯನ್ನು ‘ಅತಿವಾಸ್ತವವಾದಿ’ ಎಂದು ಹೆಸರಿಸಿ ಮುಂದೆ ಸಾಗುವುದು ಸುಲಭ. ಆಂದ್ರೆ ಬ್ರೆತಾನ್ 1924ರ ಪ್ರಣಾಳಿಕೆಯಲ್ಲಿ ಕನಸು ಮತ್ತು ವಾಸ್ತವಗಳ ಭೇದ ಅಳಿಯುವ ನೆಲೆಯನ್ನು ಅರಸಿದ್ದರು. ಮಲಾನಿ ಅವರಲ್ಲಿಯೂ ಆ ಭೇದ ಅಳಿಯುತ್ತದೆ, ಆದರೆ ಕಾರಣ ಬೇರೆ. ನಡೆದ ಹಿಂಸೆಯೇ ನಂಬಲಾಗದಷ್ಟು ವಿಕಾರವಾಗಿರುವಾಗ ನೇರ ನಿರೂಪಣೆ ಅದನ್ನು ಸಹ್ಯಗೊಳಿಸಿಬಿಡುತ್ತದೆ. ಒಡೆದ, ಕಲಸಿದ, ಗೀಚಿದ ಆಕೃತಿಗಳು ಅದನ್ನು ಹಾಗೆ ಸಹ್ಯವಾಗಲು ಬಿಡುವುದಿಲ್ಲ. ಆದುದರಿಂದ ಇಲ್ಲಿ ಅತಿವಾಸ್ತವವು ಸಾಕ್ಷ್ಯದ ಒಂದು ಬಗೆ.

‘ಕ್ಯಾನ್ ಯು ಹಿಯರ್ ಮಿ?’ (2018–2020) ಈ ಮಾತಿಗೆ ಪುಷ್ಟಿ ಕೊಡುತ್ತದೆ. ಐಪ್ಯಾಡಿನ ಮೇಲೆ ಕೈಯಿಂದಲೇ ಬರೆದ 88 ಚಲಿಸುವ ಚಿತ್ರಿಕೆಗಳ ಈ ಕೃತಿಯನ್ನು 2020ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಯಲ್ಲಿ ಪ್ರದರ್ಶಿಸಲಾಯಿತು. ಶೀರ್ಷಿಕೆಯ ಹಿಂದೆ 2018ರಲ್ಲಿ ಕಠುವಾದಲ್ಲಿ ಅತ್ಯಾಚಾರ ಮತ್ತು ಕೊಲೆಗೆ ಬಲಿಯಾದ ಎಂಟು ವರ್ಷದ ಬಾಲಕಿಯಿದ್ದಾಳೆ. ಡಿಜಿಟಲ್ ಚಿತ್ರವೆಂದೊಡನೆ ನುಣುಪಾದ, ಯಾಂತ್ರಿಕ ಮೇಲ್ಮೈಯನ್ನು ನಿರೀಕ್ಷಿಸುವವರಿಗೆ ಇಲ್ಲಿ ಸಿಗುವುದು ಒರಟು ಗೆರೆ, ಅಳಿಸಿ ಬರೆದ ಗುರುತು, ಓದುವಷ್ಟರಲ್ಲಿ ಮಾಯವಾಗುವ ಸಾಹಿತ್ಯದ ವಾಕ್ಯ. ಹಸ್ತಪ್ರತಿಯ ತಿದ್ದುಪಡಿಗಳನ್ನು ಓದಬಲ್ಲ ಗ್ರಂಥಸಂಪಾದಕರಿಗೆ ಈ ಮೇಲ್ಮೈ ತೀರ ಅನ್ಯವಾಗಬೇಕಾಗಿಲ್ಲ.

ಕನ್ನಡ ಸಂಶೋಧನೆಗೆ ಈ ಚರ್ಚೆ ಏಕೆ ಬೇಕು? ನಮ್ಮ ತೊಗಲುಗೊಂಬೆಯಾಟವನ್ನು ನೆನೆಯಬಹುದು. ಹದಮಾಡಿದ ತೊಗಲಿಗೆ ಬಣ್ಣ ಹಾಕಿ, ಹಿಂದಿನಿಂದ ದೀಪ ಬೆಳಗಿಸಿ ಪರದೆಯ ಮೇಲೆ ಕಥೆಯನ್ನು ಮೂಡಿಸುವ ಕಲೆ ಅದು. ಮಲಾನಿ ಇದರಿಂದ ಪ್ರಭಾವಿತರಾದರೆಂದು ನಾನು ಹೇಳುತ್ತಿಲ್ಲ. ಪ್ರಶ್ನೆ ನಮ್ಮ ಅಧ್ಯಯನ ಕ್ರಮದ್ದು. ಆಟದ ಹಾಡು ಮತ್ತು ಸಂಭಾಷಣೆಗಳನ್ನು ಬರೆದುಕೊಂಡು ‘ಪಠ್ಯ’ವನ್ನು ಸಂಗ್ರಹಿಸಿದೆವೆಂದು ಭಾವಿಸಿದಾಗ ದೀಪ, ಪರದೆ, ತೊಗಲಿನ ಬಣ್ಣ, ಅಲುಗುವ ನೆರಳು ಅಡಿಟಿಪ್ಪಣಿಗೆ ಸರಿಯುತ್ತವೆ. ಗೊಂಬೆಗಳನ್ನೇ ಶ್ರದ್ಧೆಯಿಂದ ಅಧ್ಯಯಿಸಿದ ವಿದ್ವಾಂಸರಿದ್ದಾರೆ. ಆದರೆ ಸಾಹಿತ್ಯ ಬೋಧನೆಯಲ್ಲಿ ಉಳಿದುಕೊಂಡದ್ದು ಮಾತು ಮಾತ್ರ. ಅಂದು ಬೆಳಕನ್ನು ಹೊರಗಿಟ್ಟ ರೂಢಿಯೇ ಇಂದು ಪರದೆಯ ಕಲೆಯನ್ನೂ ಹೊರಗಿಡುತ್ತಿದೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಇಂಥ ಕೃತಿಗಳು ದೂರದ ಗ್ಯಾಲರಿಗಳಲ್ಲಿವೆ, ಸಂಶೋಧಕರ ಕೈಗೆ ಸಿಗುವುದಿಲ್ಲ ಎಂಬುದು ಮೊದಲನೆಯದು. ಇದು ನಿಜ, ಛಾಯಾಚಿತ್ರಗಳನ್ನೂ ತುಣುಕುಗಳನ್ನೂ ನೋಡಿ ಇಡೀ ಕೃತಿಯ ಬಗೆಗೆ ತೀರ್ಪು ಕೊಡುವುದು ಅಪಾಯಕರ. ಆದರೆ ಲಭ್ಯವಿರುವುದರ ಮಿತಿಯನ್ನು ಅರಿತು ಅಧ್ಯಯನ ಮಾಡುವುದು ಶಾಸನ, ಹಸ್ತಪ್ರತಿಗಳ ಅಭ್ಯಾಸಿಗಳಾದ ನಮಗೆ ಹೊಸತೇನಲ್ಲ. ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು: ಸಾಹಿತ್ಯೋಕ್ತಿಗಳಿಂದ ಇಷ್ಟು ದಟ್ಟವಾದ ಕಲೆಯಲ್ಲಿ ನೊಂದವರ ದನಿ ಕೇಳುವುದೇ, ಅಥವಾ ನೋವು ಸುಂದರ ನೆರಳಾಗಿ ಕರಗುವುದೇ? ಬಂಗಾಳಿ ಕಥೆಯ ಬುಡಕಟ್ಟಿನ ಹೆಣ್ಣು ಯುರೋಪಿನ ಪ್ರದರ್ಶನಾಲಯವನ್ನು ತಲುಪುವಷ್ಟರಲ್ಲಿ ಎಷ್ಟು ಅನುವಾದಗಳನ್ನು ದಾಟಿರುತ್ತಾಳೆ? ಈ ಸಂಶಯ ನನ್ನಲ್ಲಿಯೂ ಉಳಿದಿದೆ. ಆದರೆ ಇದು ಸಾಹಿತ್ಯ ವಿಮರ್ಶೆಯೇ ಕೇಳಬೇಕಾದ ಪ್ರಶ್ನೆ. ನಾವು ದೂರವುಳಿದರೆ ಇದನ್ನು ಕೇಳುವ ಹೊಣೆ ಕಲಾ ಮಾರುಕಟ್ಟೆಯ ಕ್ಯಾಟಲಾಗುಗಳಿಗೆ ಬಿಟ್ಟಂತಾಗುತ್ತದೆ; ಅವು ಕೇಳಲಾರವು.

ಆದ್ದರಿಂದ ಸ್ನಾತಕೋತ್ತರ ತೌಲನಿಕ ಸಾಹಿತ್ಯದ ಪಠ್ಯಕ್ರಮದಲ್ಲಿ ಕನಿಷ್ಠ ಒಂದು ಬಹುಮಾಧ್ಯಮ ಕೃತಿಯಾದರೂ ಪ್ರಧಾನ ಪಠ್ಯವಾಗಿ ಸೇರಬೇಕು. ಬೆಳಕು, ವೇಗ, ಧ್ವನಿ, ಅಂತರಗಳನ್ನು ಖಚಿತವಾಗಿ ವಿವರಿಸಬಲ್ಲ ಕನ್ನಡ ಪರಿಭಾಷೆ ಅಂಥ ಓದಿನಿಂದಲೇ ಹುಟ್ಟಬೇಕು. ಅದು ಸಿದ್ಧವಾದ ಮೇಲೆ ಓದೋಣವೆಂದರೆ ಓದು ಎಂದಿಗೂ ಆರಂಭವಾಗದು.