ಸ್ಪೀಕರ್ ಎಲ್ಲಿಗೂ ಓಡಾಡಲ್ವಲ್ಲ!

ನಿಡಘಟ್ಟದ ಕಡೆ ಊರಹಬ್ಬದ ಕುರುಕ್ಷೇತ್ರ ನಾಟಕಕ್ಕೆ ಪವರ್ಡ್ ಸ್ಪೀಕರ್ ತಂದು ಬ್ಲೂಟೂತ್‌ನಲ್ಲೇ ಕನೆಕ್ಟ್ ಮಾಡೋಣ ಅನ್ನೋರಿಗೆ ನನ್ನ ಉತ್ತರ: ಬೇಡ.

ಆಂಪ್ಲಿಫೈಯರ್ ಒಳಗೇ ಇರೋದರಿಂದ ಸ್ಪೀಕರ್‌ವರೆಗೂ ಕರೆಂಟ್ ವೈರ್ ಹೇಗೂ ಎಳೀಲೇಬೇಕು. ಜೊತೆಗೊಂದು ಎಕ್ಸ್‌ಎಲ್‌ಆರ್ ಕೇಬಲ್ ಎಳೆಯೋಕೆ ಏನ್ ಕಷ್ಟ? ಭೀಮನ ಮೈಕು ವೈರ್‌ಲೆಸ್ ಇರ್ಲಿ, ಅವನು ಗದೆ ಹಿಡಿದು ಓಡಾಡ್ತಾನೆ.

ಬ್ಲೂಟೂತ್‌ನಲ್ಲಿ ಸೌಂಡು 150 ಮಿಲಿಸೆಕೆಂಡ್ ತಡವಾಗೋದು ಮಾಮೂಲು. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದ್ರೆ ಪಕ್ಕದ ಸ್ಪೀಕರನ್ನ 51 ಮೀಟರ್ ಆಚೆ ಇಟ್ಟ ಹಾಗೆ! ದುರ್ಯೋಧನನ ಬಾಯಿ ಒಂದು ಕಡೆ, ಸ್ಪೀಕರ್ ಇನ್ನೊಂದು ಕಡೆ. ಹಾರ್ಮೋನಿಯಂ ಮೇಷ್ಟ್ರು ಯಾರನ್ನ ಹಿಡೀಬೇಕು?

ಸಂಜೆ ಖಾಲಿ ಬಯಲಲ್ಲಿ ಟೆಸ್ಟ್ ಮಾಡಿದಾಗ ಚೆನ್ನಾಗೇ ಇರುತ್ತೆ. ಜನ ತುಂಬಿದ ಮೇಲೆ ಅವರ ಮೈಯೇ 2.4 ಗಿಗಾಹರ್ಟ್ಸ್ ಸಿಗ್ನಲನ್ನ ಹೀರಿಕೊಳ್ಳುತ್ತೆ, ಮೇಲೆ ಎಲ್ಲರ ಜೇಬಲ್ಲೂ ಫೋನು. ರಸ್ತೆಯಾಚೆ ಸ್ಪೀಕರ್ ಇಡಲೇಬೇಕಾದ್ರೆ ಮಾತ್ರ, ಕೆಲವೇ ಮಿಲಿಸೆಕೆಂಡ್ ತಡ ಇರೋ ಸ್ಟೇಜ್ ವೈರ್‌ಲೆಸ್ ಸೆಟ್ ಬಾಡಿಗೆಗೆ ತನ್ನಿ.