ಇಬ್ಬರು ಹೋಗುವಾಗ ಕಾಗದವೂ ಎರಡಿರಲಿ

ಸವಳಂಗ ರಸ್ತೆಯಲ್ಲಿ ನಮ್ಮ ಕಾಲೇಜಿನ ಹತ್ತಿರ ಒಂದು ಜೆರಾಕ್ಸ್ ಅಂಗಡಿ ಇದೆ. ಇಂಟರ್ನಲ್ಸ್ ಹಿಂದಿನ ದಿನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಳೆದ ಜನವರಿಯ ಒಂದು ಶನಿವಾರ ಮಧ್ಯಾಹ್ನ ಮಾತ್ರ ಅಂಗಡಿ ಖಾಲಿಯಿತ್ತು. ಭದ್ರಾವತಿಯಿಂದ ಬಸ್ಸಿನಲ್ಲಿ ಬಂದಿದ್ದ ನನ್ನ ದೊಡ್ಡಮ್ಮನ ಮಗಳು ಮತ್ತು ಭಾವ ಒಂದು ಪ್ಲಾಸ್ಟಿಕ್ ಕವರಿನಿಂದ ಮಾರ್ಕ್ಸ್ ಕಾರ್ಡ್‌ಗಳನ್ನು ಒಂದೊಂದಾಗಿ ತೆಗೆದು ಕೊಡುತ್ತಿದ್ದರು. ಎಸ್ಸೆಸ್ಸೆಲ್ಸಿಯಿಂದ ಎಂ.ಎ.ವರೆಗೆ, ಇಬ್ಬರದ್ದೂ. ಅಂಗಡಿಯವರು ಕಟ್ಟು ನೋಡಿ ಕೇಳಿದರು:

“ದುಬೈಗಾ?”

“ಅಲ್ಲ, ಕೊರಿಯಾಕ್ಕೆ,” ಎಂದಳು ಅಕ್ಕ.

“ಯಾವ್ದು, ಮೇಲಿಂದೋ ಕೆಳಗಿಂದೋ?”

“ಕೆಳಗಿಂದು.”

“ಹಂಗಾದ್ರೆ ಪರವಾಗಿಲ್ಲ,” ಎಂದು ಅವರು ಮುಂದಿನ ಹಾಳೆ ಇಟ್ಟರು.

ಅವರು ಶಿವಮೊಗ್ಗದವರೆಗೆ ಬಂದದ್ದು ಜೆರಾಕ್ಸ್‌ಗಾಗಿ ಅಲ್ಲ, ನನಗಾಗಿ. ಬಿ.ಇ. ಓದುತ್ತಿದ್ದೇನೆ ಎಂದರೆ ನಮ್ಮ ಮನೆಯವರ ಲೆಕ್ಕದಲ್ಲಿ ಪ್ರಿಂಟರ್ ರಿಪೇರಿಯಿಂದ ವೀಸಾ ನಿಯಮದವರೆಗೆ ಎಲ್ಲವೂ ಗೊತ್ತಿರಬೇಕು. ಅಕ್ಕ ಇಂಗ್ಲಿಷ್ ಎಂ.ಎ., ಬಿ.ಇಡಿ. ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದಿಂದ ಪಾಠ ಮಾಡುತ್ತಾಳೆ, ತಿಂಗಳಿಗೆ 14 ಸಾವಿರ. ಭಾವನದೂ ಇಂಗ್ಲಿಷ್ ಎಂ.ಎ., ಮೇಲೆ ಕೆ-ಸೆಟ್ ಪಾಸು. ಅತಿಥಿ ಉಪನ್ಯಾಸಕರು. ‘ಅತಿಥಿ’ ಎಂಬ ಪದ ಇಷ್ಟು ನಿಜವಾಗಿರುವ ಉದ್ಯೋಗ ಇನ್ನೊಂದಿಲ್ಲ. ಸೆಮಿಸ್ಟರ್ ಮುಗಿದ ಮೇಲೆ ಹೊರಡಬೇಕು. ಇಬ್ಬರೂ ಎಲ್ಲೋ ಒಂದು ವಿಡಿಯೊ ನೋಡಿದ್ದರು. ಒಂದು ಅಮೆರಿಕನ್ ದಂಪತಿ ಕೊರಿಯಾದ ಒಂದೇ ಊರಿನ ಎರಡು ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತಾರೆ, ಸರ್ಕಾರ ಮನೆ ಕೊಟ್ಟಿದೆ, ಬೆಳಿಗ್ಗೆ ಜೊತೆಗೇ ಹೊರಡುತ್ತಾರೆ, ಸಂಜೆ ಜೊತೆಗೇ ತರಕಾರಿ ತರುತ್ತಾರೆ. “ನಾವೂ ಇಂಗ್ಲಿಷ್ ಮೇಷ್ಟ್ರುಗಳೇ ಅಲ್ವೇನೇ?” ಎಂದಳು ಅಕ್ಕ. ತಪ್ಪು ಪ್ರಶ್ನೆಯೇನಲ್ಲ.

ಆ ಸಂಜೆ ನಾನು ಲ್ಯಾಪ್‌ಟಾಪ್ ತೆರೆದು ಕೂತೆ. ದಕ್ಷಿಣ ಕೊರಿಯಾ 1995ರಿಂದ ‘ಎಪಿಕ್’ ಎಂಬ ಯೋಜನೆಯಡಿ ಸರ್ಕಾರಿ ಶಾಲೆಗಳಿಗೆ ಹೊರದೇಶದ ಇಂಗ್ಲಿಷ್ ಶಿಕ್ಷಕರನ್ನು ಕರೆಸಿಕೊಳ್ಳುತ್ತಿದೆ. ಒಂದು ವರ್ಷದ ಕರಾರು, ವಾರಕ್ಕೆ 22 ತರಗತಿ, ಜೊತೆಗೊಬ್ಬ ಕೊರಿಯನ್ ಸಹಶಿಕ್ಷಕರು, ಇರಲು ಮನೆ. ಸಂಬಳ ನಮ್ಮ ರೂಪಾಯಿಯಲ್ಲಿ ಲಕ್ಷ ಮೀರುತ್ತದೆ. ಮದುವೆಯಾದ ಜೋಡಿ ಒಟ್ಟಿಗೆ ಅರ್ಜಿ ಹಾಕಿ ಇಬ್ಬರೂ ಆಯ್ಕೆಯಾದರೆ ಹತ್ತಿರದ ಶಾಲೆಗಳನ್ನೇ ಕೊಡಲು ನೋಡುತ್ತಾರೆ. ಇಲ್ಲಿಯವರೆಗೆ ಓದುವಾಗ ಅಕ್ಕನ ಮುಖ ಅರಳಿತ್ತು. ಆಮೇಲೆ ಇ-2 ವೀಸಾದ ಪುಟ ಬಂತು. ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಈ ಏಳು ದೇಶಗಳ ಪ್ರಜೆಗಳಿಗೆ ಮಾತ್ರ ಆ ಬಾಗಿಲು. ಪಟ್ಟಿಯಲ್ಲಿ ನಾವಿಲ್ಲ.

ಆದರೆ ಪಕ್ಕದಲ್ಲಿ ಒಂದು ಕಿರುಬಾಗಿಲಿದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ಭಾರತ ಮತ್ತು ಕೊರಿಯಾ 2009ರ ಆಗಸ್ಟ್‌ನಲ್ಲಿ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದಕ್ಕೆ ಸಹಿ ಹಾಕಿದವು. 2010ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಕಾರು, ಉಕ್ಕು, ಬಟ್ಟೆಗಳ ಸುಂಕದ ನಡುವೆ ಅದರಲ್ಲಿ ಶಿಕ್ಷಕರ ಮಾತೂ ಬರುತ್ತದೆ: ಪದವಿಯ ಜೊತೆಗೆ ಇಂಗ್ಲಿಷ್ ವಿಷಯದ ಶಿಕ್ಷಕ ತರಬೇತಿ ಪಡೆದಿರುವ ಭಾರತೀಯರು ಕೊರಿಯಾದ ಶಾಲೆಗಳಲ್ಲಿ ಇಂಗ್ಲಿಷ್ ಸಹಾಯಕ ಶಿಕ್ಷಕರಾಗಬಹುದು. ಬಾಗಿಲು ತೆರೆದಿದೆ ಎಂದ ಮಾತ್ರಕ್ಕೆ ಒಳಗೆ ಕುರ್ಚಿ ಹಾಕಿಟ್ಟು ಕಾಯುತ್ತಿದ್ದಾರೆ ಎಂದಲ್ಲ, ಶಾಲೆಗಳು ಕರೆಯಬೇಕು, ಆಯ್ಕೆಯಾಗಬೇಕು. ಆದರೂ ಅರ್ಜಿ ಹಾಕುವ ಅರ್ಹತೆ ಇದೆ ಎನ್ನುವುದೇ ಅಕ್ಕನಿಗೆ ದೊಡ್ಡದಾಯಿತು.

ಅರ್ಹತೆ ಇದ್ದದ್ದು ಅಕ್ಕನಿಗೆ. ಭಾವನಿಗಲ್ಲ. ಕಾಲೇಜಿನಲ್ಲಿ ಪಾಠ ಮಾಡಲು ಬಿ.ಇಡಿ. ಬೇಕಿಲ್ಲ, ಹಾಗಾಗಿ ಅವರು ಮಾಡಿಲ್ಲ. ನಮ್ಮಲ್ಲಿ ಹೈಸ್ಕೂಲಿಗಿಂತ ಒಂದು ಮೆಟ್ಟಿಲು ಮೇಲೆ ನಿಂತವರು ಅಲ್ಲಿನ ಪ್ರಾಥಮಿಕ ಶಾಲೆಯ ಹೊಸ್ತಿಲು ದಾಟುವಂತಿಲ್ಲ! ಅವರಿಗೆ ಉಳಿದದ್ದು ಎಫ್-3, ಅಂದರೆ ಅವಲಂಬಿತರ ವೀಸಾ. ಹೆಂಡತಿಯ ಜೊತೆ ಹೋಗಬಹುದು, ಇರಬಹುದು. ಬೇರೆ ಅನುಮತಿ ಸಿಗದೆ ದುಡಿಯುವಂತಿಲ್ಲ.

ಈ ಸುದ್ದಿ ಭದ್ರಾವತಿಯ ಮನೆ ತಲುಪಿದ ಮೇಲೆ ನಡೆದದ್ದನ್ನು ನೀವು ಊಹಿಸಬಹುದು. “ಹೆಂಡ್ತಿ ದುಡಿಯೋಕೆ ಹೋಗೋದು, ಗಂಡ ಅನ್ನ ಮಾಡಿಕೊಂಡು ಕೂರೋದಾ?” ಎಂದರು ಭಾವನ ಕಡೆಯ ಹಿರಿಯರೊಬ್ಬರು. ನನಗೆ ಸಿಟ್ಟು ಬಂತು. ನಮ್ಮ ಬೀದಿಯಲ್ಲೇ ಮೂವರು ಹೆಣ್ಣುಮಕ್ಕಳು ಗಂಡನ ಜೊತೆ ಅವಲಂಬಿತರ ವೀಸಾದಲ್ಲಿ ಹೊರದೇಶಕ್ಕೆ ಹೋಗಿದ್ದಾರೆ. ಒಬ್ಬಾಕೆ ಬಿ.ಇ.ಯಲ್ಲಿ ಚಿನ್ನದ ಪದಕದವಳು. ಅವರನ್ನು ಕಳಿಸುವಾಗ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಆರತಿ ಎತ್ತಿ, ಸೂಟ್‌ಕೇಸಿಗೆ ಚಟ್ನಿಪುಡಿ ತುಂಬಿ ಕಳಿಸಿದ್ದರು. ಗಂಡಸು ಹೋದರೆ ಮಾತ್ರ ಅದು ಪ್ರಶ್ನೆಯೇ? ಭಾವ ಹೋಗಲೇಬೇಕು, ಅನ್ನವನ್ನೂ ಮಾಡಲಿ, ಏನಾಯ್ತು ಎಂದು ನಾನು ವಾದಿಸಿದೆ. ಅವರೇನೂ ಬೇಡ ಎಂದಿರಲಿಲ್ಲ. “ನನಗೆ ಅಡ್ಡಿಯಿಲ್ಲ, ಅಡುಗೆ ಬರುತ್ತೆ,” ಎಂದಿದ್ದರು.

ನನ್ನ ವಾದ ಅಲ್ಲಾಡಿದ್ದು ನ್ಯೂಟೌನಿನಲ್ಲಿರುವ ದೊಡ್ಡಜ್ಜಿಯ ಮನೆಯಲ್ಲಿ. ಈ ದೊಡ್ಡಜ್ಜಿ ನಮ್ಮಜ್ಜಿಯ ಅಕ್ಕ, ವಯಸ್ಸು 80 ದಾಟಿದೆ. ಮನೆಯಲ್ಲಿ ‘ಇಥಿಯೋಪಿಯಾದ ಅಜ್ಜಿ’ ಎಂದೇ ಹೆಸರು. ನನಗೆ ಅದು ಚಿಕ್ಕಂದಿನಿಂದ ಕೇಳಿದ ಅಡ್ಡಹೆಸರು ಅಷ್ಟೇ ಆಗಿತ್ತು. ಅದರ ಹಿಂದೆ ಏನಿದೆ ಎಂದು ಕೇಳಿದ್ದು ಇದೇ ಮೊದಲು.

ಕೊರಿಯಾ ಯಾರ ಕನಸಿನಲ್ಲೂ ಇಲ್ಲದ ಕಾಲದಲ್ಲಿ ಭಾರತದ ಮೇಷ್ಟ್ರುಗಳು ಹೋಗುತ್ತಿದ್ದದ್ದು ಇಥಿಯೋಪಿಯಾಕ್ಕೆ. ಚಕ್ರವರ್ತಿ ಹೈಲೆ ಸೆಲಾಸಿ ಊರೂರಿಗೆ ಶಾಲೆ ತೆರೆಸುತ್ತಿದ್ದರು. ಮೇಲಿನ ತರಗತಿಗಳ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು, ಕಲಿಸುವವರು ಸಾಲುತ್ತಿರಲಿಲ್ಲ. ಕೇರಳದವರೇ ಹೆಚ್ಚು, ನಮ್ಮ ಕಡೆಯವರೂ ಅಲ್ಲೊಬ್ಬರು ಇಲ್ಲೊಬ್ಬರು. ದೊಡ್ಡಜ್ಜ 1968ರಲ್ಲಿ ಗಣಿತದ ಮೇಷ್ಟ್ರಾಗಿ ಜಿಮ್ಮಾ ಎಂಬ ಊರಿಗೆ ಹೋದರು. ಅಜ್ಜಿ ಬಿ.ಎ., ಜೊತೆಗೆ ಹೋದರು, ಆದರೆ ಅವರ ಹೆಸರಿನಲ್ಲಿ ನೇಮಕದ ಪತ್ರವಿರಲಿಲ್ಲ.

“ಊರು ನಮ್ಮ ಮಲೆನಾಡಿನ ಹಾಗೇ ಇತ್ತು ಕಣೇ. ಮಳೆ, ಹಸಿರು, ಕಾಫಿ. ಅಲ್ಲಿ ಕಾಫಿ ಕಾಡಲ್ಲೇ ಬೆಳೀತಿತ್ತು. ಇಂಜೆರಾ ಅಂತ ಮಾಡ್ತಿದ್ರು, ಹಿಟ್ಟು ಹುಳಿ ಬರಿಸಿ ಹುಯ್ಯೋದು, ದೋಸೆಯ ದೊಡ್ಡಪ್ಪ. ಅದೆಲ್ಲ ಒಂದು ತಿಂಗಳಲ್ಲಿ ಒಗ್ಗಿತು.” ಒಗ್ಗದೇ ಇದ್ದದ್ದು ಹಗಲು. ಇಥಿಯೋಪಿಯಾದಲ್ಲಿ ಗಂಟೆಯ ಲೆಕ್ಕ ಸೂರ್ಯೋದಯದಿಂದ ಶುರು. ನಮ್ಮ ಬೆಳಿಗ್ಗೆ ಏಳು ಗಂಟೆ ಅವರಿಗೆ ಒಂದು ಗಂಟೆ. ಅಜ್ಜ ಶಾಲೆಗೆ ಹೋದ ಮೇಲೆ ಅಜ್ಜಿಗೆ ಮಾಡಲು ಏನೂ ಇರಲಿಲ್ಲ. “ಆ ಒಂದು ವರ್ಷ ನಂಗೆ ಗಡಿಯಾರ ನೋಡೋದೇ ಕೆಲಸ. ಅದೂ ಆ ಊರಿನ ಲೆಕ್ಕಕ್ಕೆ ತಪ್ಪು ಗಡಿಯಾರ.” ಅಂಗಡಿಯಲ್ಲಿ, ಬಾವಿಕಟ್ಟೆಯಲ್ಲಿ ಎಲ್ಲೆಲ್ಲೂ ಅವರು ‘ಇಂಡಿಯಾದ ಮೇಷ್ಟ್ರ ಹೆಂಡತಿ’. ಅಜ್ಜನ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದರಂತೆ. ಅಜ್ಜ ಸಂಜೆ ದಣಿದು ಬಂದರೆ ಅಜ್ಜಿಗೆ ಇಡೀ ದಿನದ ಮಾತು ಬಾಕಿ ಇರುತ್ತಿತ್ತು. ಅವರಿಗೆ ಮಾತೇ ಬೇಡವಾಗಿರುತ್ತಿತ್ತು. ಮರುವರ್ಷ ಕೆಳಗಿನ ತರಗತಿಗೆ ಇಂಗ್ಲಿಷ್ ಹೇಳಿಕೊಡುವವರಿಲ್ಲದೆ ಶಾಲೆಯವರೇ ಮನೆಗೆ ಬಂದು ಕರೆದರು. ಅಂಹರಿಕ್ ಭಾಷೆಯಲ್ಲಿ ಮೇಷ್ಟ್ರಿಗೆ ‘ಅಸ್ತೆಮಾರಿ’ ಎನ್ನುತ್ತಾರೆ. “ಬೀದಿಯಲ್ಲಿ ಒಬ್ಬ ಹುಡುಗ ನನ್ನನ್ನ ಮೊದಲ ಸಲ ಹಂಗೆ ಕರೆದ ದಿನ ನಾನು ಜಿಮ್ಮಾಕ್ಕೆ ಹೋಗಿ ಮುಟ್ಟಿದ್ದು,” ಎಂದರು ಅಜ್ಜಿ. ಹೊರಟು ಒಂದು ವರ್ಷದ ಮೇಲೆ!

1974ರಲ್ಲಿ ಸೈನಿಕರು ಚಕ್ರವರ್ತಿಯನ್ನು ಇಳಿಸಿದರು. ಮೇಲಿನ ತರಗತಿಯ ವಿದ್ಯಾರ್ಥಿಗಳನ್ನು ಹಳ್ಳಿಗಳ ಕೆಲಸಕ್ಕೆ ಕಳಿಸಿದ್ದರಿಂದ ತರಗತಿಗಳು ಖಾಲಿಯಾದವು. ಇವರು ಮರುವರ್ಷ ಊರಿಗೆ ಬಂದರು. ಮನೆ ಕೆಲಸದ ಜೊತೆಗೆ ಬಂದದ್ದು, ಕೆಲಸದ ಜೊತೆಗೇ ಹೋಯಿತು. ಇದನ್ನು ಭದ್ರಾವತಿಯವರಿಗೆ ವಿವರಿಸಬೇಕಿಲ್ಲ. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಕಾರ್ಖಾನೆಗೆ ತಮಿಳು, ತೆಲುಗು, ಮಲಯಾಳ ಮಾತಾಡುವವರೆಲ್ಲ ಬಂದು ಕ್ವಾರ್ಟರ್ಸ್‌ಗಳಲ್ಲಿ ಬೇರುಬಿಟ್ಟ ಊರು ನಮ್ಮದು. ಕೆಲಸ ನಿಂತರೆ ಮನೆಯ ಗತಿ ಏನು ಎಂಬ ಲೆಕ್ಕ ನಮ್ಮಲ್ಲಿ ಮಕ್ಕಳಿಗೂ ಬರುತ್ತದೆ.

ಎಲ್ಲ ಕೇಳಿದ ಮೇಲೆ ಅಜ್ಜಿ ಭಾವನನ್ನು ನೋಡಿ ಹೇಳಿದ್ದು ಇಷ್ಟು: “ನೀನು ಗಂಡಸು ಅಂತ ಬೇಡ ಅಂತಿಲ್ಲಪ್ಪ. ನಾನು ಹೆಂಗಸಾಗೇ ಆ ವರ್ಷ ಕಳೆಯೋಕೆ ಆಗ್ಲಿಲ್ಲ.”

ಹಿರಿಯರು ತಪ್ಪು ಕಾರಣಕ್ಕೆ ಹೇಳಿದ್ದನ್ನು ಅಜ್ಜಿ ಸರಿಯಾದ ಕಾರಣಕ್ಕೆ ಹೇಳಿದರು. ನಾನು ಕೊರಿಯಾದ ಆ ಮನೆಯನ್ನು ಮತ್ತೆ ಮನಸ್ಸಿನಲ್ಲಿ ಕಟ್ಟಿ ನೋಡಿದೆ. ಬಾಗಿಲಲ್ಲಿ ಚಪ್ಪಲಿ ಬಿಡುವುದು ನಮ್ಮ ಹಾಗೇ. ಚಳಿಗೆ ನೆಲವನ್ನೇ ಬಿಸಿ ಮಾಡುವ ‘ಒಂದೋಲ್’ ವ್ಯವಸ್ಥೆ ಇರುವುದರಿಂದ ಜನವರಿಯಲ್ಲೂ ಬರಿಗಾಲಲ್ಲಿ ಓಡಾಡಬಹುದು. ಅಕ್ಕ ಎಂಟಕ್ಕೆ ಶಾಲೆಗೆ. ಅಲ್ಲಿ ಸಹಶಿಕ್ಷಕರಿದ್ದಾರೆ, ಮಕ್ಕಳಿದ್ದಾರೆ, ಕಿಮ್ಚಿ ಬಡಿಸುವ ಊಟದ ಸಾಲಿದೆ. ಆರು ತಿಂಗಳಲ್ಲಿ ಅವಳಿಗೆ ಊರು ಗೊತ್ತಾಗುತ್ತದೆ. ಭಾವ ಹನ್ನೊಂದು ಗಂಟೆಗೆ ಏನು ಮಾಡುತ್ತಾರೆ? ಬಿಸಿ ನೆಲದ ಮೇಲೆ ಕೂತು ಕಿಟಕಿ ನೋಡುತ್ತಾರೆ. ಅವರಿಗೆ ಯಾರೂ ‘ಸೊನ್ಸೆಂಗ್ನಿಮ್’, ಅಂದರೆ ಮೇಷ್ಟ್ರೇ, ಎಂದು ಕರೆಯುವುದಿಲ್ಲ. ಅಕ್ಕನ ಕರಾರು ಮುರಿದರೆ ಮನೆಯೂ ಹೋಯಿತು, ಅವಳ ವೀಸಾದ ನೆರಳಿನಲ್ಲಿದ್ದ ಭಾವನ ವೀಸಾವೂ ಹೋಯಿತು. ನಮ್ಮ ಬೀದಿಯ ಆ ಮೂವರು ಹೆಣ್ಣುಮಕ್ಕಳೂ ಎಲ್ಲೋ ಹೀಗೇ ಹನ್ನೊಂದು ಗಂಟೆಗೆ ಕಿಟಕಿ ನೋಡುತ್ತಿರಬಹುದು ಎಂದು ಆಗ ಹೊಳೆಯಿತು. ಚಿನ್ನದ ಪದಕದಾಕೆಗೆ ಮೆಸೇಜ್ ಮಾಡಿದೆ. ‘ಚೆನ್ನಾಗಿದ್ದೀನಿ, ಈಗ ತುಂಬಾ ಬಗೆಯ ಅಡುಗೆ ಕಲಿತೆ’ ಎಂದು ಉತ್ತರ ಬಂತು. ಮುಂದೆ ಏನು ಬರೆಯಬೇಕೆಂದು ನನಗೆ ತಿಳಿಯಲಿಲ್ಲ.

ಹೊರಡಲು ಸಿದ್ಧವಾಗಿರುವ ಗೆಳೆಯ ಗೆಳತಿಯರಿಗೆ, ವಿಶೇಷವಾಗಿ ಕೊರಿಯನ್ ಧಾರಾವಾಹಿ ನೋಡಿ ಅರ್ಧ ಭಾಷೆ ಕಲಿತಿರುವ ನನ್ನ ಹಾಸ್ಟೆಲ್ ಗೆಳತಿಯರಿಗೆ, ನಾನು ಹೇಳುವುದು ಸಂಬಳದ ವಿಷಯವಲ್ಲ. ಮದುವೆಯಾಗಿ ಹೊರಡುವುದಾದರೆ, ಟಿಕೆಟ್ಟಿಗೆ ಮುಂಚೆ ಇಬ್ಬರೂ ಕೂತು ಎರಡನೆಯವರ ಕಾಗದ ಓದಿ. ಮೊದಲನೆಯವರದ್ದನ್ನು ಕಂಪನಿಯೋ ಶಾಲೆಯೋ ಓದಿಸುತ್ತದೆ. ಎರಡನೆಯವರು ದುಡಿಯಬಹುದೇ, ಓದಬಹುದೇ, ಮೊದಲನೆಯವರ ಕೆಲಸ ಹೋದರೆ ಎಷ್ಟು ದಿನ ಇರಬಹುದು ಎಂಬುದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಹೇಳುವವರು ಸಿಕ್ಕರೂ ಎಚ್ಚರ. ಬೆಂಗಳೂರಿನ ಒಬ್ಬ ಏಜೆಂಟ್ ಭಾವನಿಗೆ, “ಟೂರಿಸ್ಟ್ ವೀಸಾದಲ್ಲಿ ಹೋಗಿ, ಟ್ಯೂಷನ್ ಸೆಂಟರಿನಲ್ಲಿ ಕೆಲಸ ಕೊಡಿಸ್ತೀನಿ, ಮುಂಗಡ ಒಂದೂವರೆ ಲಕ್ಷ,” ಎಂದಿದ್ದ. ಭಾರತೀಯರಿಗೆ ಒಪ್ಪಂದ ತೆರೆದಿರುವುದು ಶಾಲೆಯ ಸಹಾಯಕ ಶಿಕ್ಷಕರ ಕೆಲಸ, ಟ್ಯೂಷನ್ ಸೆಂಟರ್ ಅದರಲ್ಲಿಲ್ಲ. ಟೂರಿಸ್ಟ್ ವೀಸಾದಲ್ಲಿ ಸಂಬಳಕ್ಕೆ ಪಾಠ ಮಾಡಿದರೆ ಗಡೀಪಾರು ಆಗುವುದು ಏಜೆಂಟ್ ಅಲ್ಲ.

ಕಾಗದಗಳ ದಾರಿಯೂ ಉದ್ದ. ಪದವಿ ಪತ್ರಕ್ಕೆ ಬೆಂಗಳೂರಿನಲ್ಲಿ ರಾಜ್ಯದ ದೃಢೀಕರಣ, ಆಮೇಲೆ ವಿದೇಶಾಂಗ ಸಚಿವಾಲಯದ ಅಪಾಸ್ಟಿಲ್ ಮುದ್ರೆ, ಪೊಲೀಸರಿಂದ ತಕರಾರಿಲ್ಲ ಎಂಬ ಪತ್ರ, ಅದೂ ಹಳತಾಗಿರಬಾರದು. ಇದಕ್ಕೆಲ್ಲ ತಿಂಗಳುಗಳು ಬೇಕು. ಅಲ್ಲಿನ ಶಾಲಾ ವರ್ಷ ಶುರುವಾಗುವುದು ಮಾರ್ಚಿನಲ್ಲಿ. ಇನ್ನೊಂದು ಮಾತು: ಕೊರಿಯಾದಲ್ಲಿ ಮಕ್ಕಳೇ ಕಡಿಮೆಯಾಗುತ್ತಿದ್ದಾರೆ. ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 2023ರಲ್ಲಿ 0.72ಕ್ಕೆ ಇಳಿದಿತ್ತು. ಹಳ್ಳಿಯ ಶಾಲೆಗಳು ಮುಚ್ಚುತ್ತಿವೆ. ಮೇಷ್ಟ್ರುಗಳ ಬೇಡಿಕೆ ಯಾವತ್ತೂ ಹೀಗೇ ಇರುತ್ತದೆ ಎಂದುಕೊಂಡು ಇಲ್ಲಿನದನ್ನೆಲ್ಲ ಕೈಬಿಟ್ಟು ಹೊರಡುವುದು ಜಾಣತನವಲ್ಲ.

ಅಕ್ಕ ಈ ವರ್ಷ ಅರ್ಜಿ ಹಾಕಲಿಲ್ಲ. ಅವಳು ಒಬ್ಬಳೇ ಮುಂದೆ ಹೋಗಿ ನೋಡಲಿ ಎಂಬ ಆಸೆ ನನಗೆ ಈಗಲೂ ಇದೆ, ಹೇಳಿಯೂ ಹೇಳಿದೆ. “ಒಬ್ಬಳೇ ಹೋಗೋಕೆ ಮದುವೆ ಯಾಕಾದೆ?” ಎಂದು ನಕ್ಕಳು. ಭಾವ ಬಿ.ಇಡಿ.ಗೆ ಸೇರಿದ್ದಾರೆ. ಎರಡು ವರ್ಷದ ಕೋರ್ಸು, 33ನೇ ವಯಸ್ಸಿನಲ್ಲಿ 22ರ ಹುಡುಗರ ನಡುವೆ ಕೂತು ಪಾಠ ಯೋಜನೆ ಬರೆಯುತ್ತಿದ್ದಾರೆ. ಅದು ಮುಗಿಯುವ ಹೊತ್ತಿಗೆ ನಿಯಮ ಬದಲಾಗಬಹುದು, ಅವರ ಮನಸ್ಸೂ ಬದಲಾಗಬಹುದು.

ಭಾಷೆಯನ್ನಂತೂ ಈಗಲೇ ಶುರುಮಾಡಿದ್ದಾರೆ. ದೊರೆ ಸೆಜಾಂಗ್ 1446ರಲ್ಲಿ ಪ್ರಜೆಗಳಿಗೆ ಕೊಟ್ಟ ಹಂಗುಲ್ ಲಿಪಿಯಲ್ಲಿ ಮೂಲಾಕ್ಷರ 24 ಮಾತ್ರ. ವ್ಯಂಜನ, ಸ್ವರ ಸೇರಿ ಒಂದು ಚೌಕದಲ್ಲಿ ಕೂರುತ್ತವೆ, ನಮ್ಮ ಕಾಗುಣಿತ ಬಲ್ಲವರಿಗೆ ಒಂದು ವಾರ ಸಾಕು. ನಾನೂ ಭದ್ರಾವತಿ ಬಸ್ಸಿನಲ್ಲಿ ಕಲಿತೆ. ಮೊನ್ನೆ ಭಾವ ನೋಟ್‌ಬುಕ್ಕಿನಲ್ಲಿ ಊರಿನ ಹೆಸರು ಬರೆದು ತೋರಿಸಿದರು. ಆ ಲಿಪಿಯಲ್ಲಿ ‘ಭ’ ಇಲ್ಲ, ‘ವ’ ಇಲ್ಲ, ಒತ್ತಕ್ಷರವನ್ನೂ ಬಿಡಿಸಿ ಬರೆಯಬೇಕು. ಐದು ಚೌಕಗಳಲ್ಲಿ ಭದ್ರಾವತಿ ‘ಬಾದುರಾಬಾತಿ’ ಆಗಿ ಕೂತಿತ್ತು. ದೊಡ್ಡಜ್ಜಿ ಕನ್ನಡಕ ಏರಿಸಿ ಅದನ್ನು ನೋಡಿದರು. ಆಮೇಲೆ ಪೆನ್ನು ತೆಗೆದುಕೊಂಡು ಅದರ ಕೆಳಗೆ, 50 ವರ್ಷದ ಹಿಂದೆ ಕಲಿತ ಅಂಹರಿಕ್ ಅಕ್ಷರಗಳಲ್ಲಿ, ಎರಡು ಕಡೆ ತಡವರಿಸಿ, ಅದೇ ಹೆಸರು ಬರೆದರು.